ಹೆಂಡತಿಯ ದೇಶ

ಕಾಗದದ ಮೇಲೆ ನಾನು ಪೋರ್ಚುಗೀಸ್ ಹೆಂಗಸು. ಹುಟ್ಟಿದ್ದು ಕಾರವಾರದಲ್ಲಿ, ಓದಿದ್ದು ಅಲ್ಲಿನ ಕನ್ನಡ ಶಾಲೆಯಲ್ಲಿ, ಮದುವೆಯಾದದ್ದು ಧಾರವಾಡದವರನ್ನು, ಹದಿನೆಂಟು ವರ್ಷದಿಂದ ಬದುಕುತ್ತಿರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಪೋರ್ಚುಗಲ್ಲಿನ ನೆಲಕ್ಕೆ ಇವತ್ತಿನವರೆಗೂ ಕಾಲಿಟ್ಟವಳಲ್ಲ. ಆದರೂ ನನ್ನ ಪಾಸ್‌ಪೋರ್ಟ್ ತೆರೆದರೆ ಹಣೆಗೆ ಬೊಟ್ಟಿಟ್ಟುಕೊಂಡು ಬೆಪ್ಪಾಗಿ ನೋಡುತ್ತಿರುವ ನನ್ನ ಮುಖದ ಪಕ್ಕದಲ್ಲಿ ಆ ದೇಶದ ಹೆಸರಿದೆ. ಅದು ಅಂಚೆಯಲ್ಲಿ ಬಂದ ದಿನ ಲಕೋಟೆ ಒಡೆದು ನೋಡಿ, ಬೇರೆ ಯಾರದ್ದೋ ನಮ್ಮ ಮನೆಗೆ ಬಂದಿದೆ ಎಂದುಕೊಂಡು ಒಂದು ಕ್ಷಣ ವಾಪಸ್ ಅಂಟಿಸಲು ಹೊರಟಿದ್ದೆ.

ಇಷ್ಟೆಲ್ಲ ಮಾಡಿದ್ದು ಮಗಳಿಗಾಗಿ. ನಮಗಿರುವವಳು ಅವಳೊಬ್ಬಳೇ. ಮೂರು ವರ್ಷದವಳಿದ್ದಾಗ ಎತ್ತಿಕೊಂಡು ಬಂದೆವು. ಗಂಡನ ಕಂಪನಿಯವರು ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದರು, ಇಂಡಿಯಾದವರ ಸರತಿಯ ಸಾಲಿನಲ್ಲಿ ನಮ್ಮನ್ನೂ ನಿಲ್ಲಿಸಿದರು. ಆ ಸಾಲು ಮುಂದಕ್ಕೆ ಹೋಗುವುದಕ್ಕಿಂತ ಹಿಂದಕ್ಕೆ ಬರುವುದೇ ಹೆಚ್ಚು ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು. ದೊಡ್ಡವರು ಹೇಗೋ ಕಾಯಬಹುದು, ವೀಸಾ ರಿನ್ಯೂ ಮಾಡಿಸುತ್ತ ಮುದುಕರಾಗಬಹುದು. ಮಕ್ಕಳಿಗೆ ಆ ಭಾಗ್ಯವಿಲ್ಲ. ಅವರು ಅಪ್ಪನ ವೀಸಾಕ್ಕೆ ಜೋತುಬಿದ್ದಿರಬಹುದಾದದ್ದು ಇಪ್ಪತ್ತೊಂದು ತುಂಬುವ ತನಕ. ತುಂಬಿದ ದಿನ ಕೈ ಬಿಟ್ಟುಹೋಗುತ್ತದೆ. ಅಷ್ಟರೊಳಗೆ ಗ್ರೀನ್ ಕಾರ್ಡ್ ಬರದಿದ್ದರೆ ಅವಳಿಗೆ ಈ ಮನೆಯಲ್ಲಿ ನಮ್ಮ ಜೊತೆ ಇರುವ ಹಕ್ಕಿಲ್ಲ. ಬೇರೆ ತಾಯಂದಿರು ಮಗಳ ಬರ್ತ್‌ಡೇಗೆ ಕೇಕ್ ಆರ್ಡರ್ ಮಾಡುವಾಗ ನಾನು ಬೆರಳು ಮಡಿಚಿ ವರ್ಷ ಎಣಿಸುತ್ತಿದ್ದೆ.

ಅವಳಿಗೆ ಇದು ಯಾವಾಗ ಗೊತ್ತಾಯಿತು ಅಂತ ನನಗೆ ಚೆನ್ನಾಗಿ ನೆನಪಿದೆ. ಹತ್ತು ವರ್ಷದವಳಿದ್ದಾಗ ಒಂದು ಬೇಸಿಗೆ ಊರಿಗೆ ಹೋಗಿ ಬರುತ್ತಿದ್ದೆವು. ಪಕ್ಕದ ಬೀದಿಯ ಕನ್ನಡದವರ ಕುಟುಂಬವೂ ಅದೇ ವಿಮಾನದಲ್ಲಿತ್ತು. ಅವರ ಮಗಳು ಇವಳ ಕ್ಲಾಸಿನವಳೇ, ಆದರೆ ಹುಟ್ಟಿದ್ದು ಇಲ್ಲಿ. ನ್ಯೂವಾರ್ಕ್ ಏರ್‌ಪೋರ್ಟಿನಲ್ಲಿ ಆ ಹುಡುಗಿಯ ನೀಲಿ ಪಾಸ್‌ಪೋರ್ಟ್ ನೋಡಿದ ಆಫೀಸರ್ ನಕ್ಕು, ‘ವೆಲ್‌ಕಮ್ ಹೋಮ್’ ಅಂದ. ನಮ್ಮ ಸರದಿ ಬಂದಾಗ ಬೆರಳನ್ನು ಗಾಜಿನ ಮೇಲಿಡಲು ಹೇಳಿದ, ಎಷ್ಟು ದಿನ ಇರುತ್ತೀರಿ ಎಂದು ಕೇಳಿದ. ಕಾರು ಹತ್ತಿದ ಮೇಲೆ ಇವಳು ಇಂಗ್ಲಿಷಿನಲ್ಲಿ ಕೇಳಿದಳು, ‘ಅವಳಿಗೆ ಹೇಳಿದ್ದನ್ನ ನನಗ್ಯಾಕೆ ಹೇಳಲಿಲ್ಲ?’ ಗಂಡ ಕನ್ನಡಿಯಲ್ಲಿ ಅವಳನ್ನು ನೋಡಿ, ‘ಅಂವಗ ನಿದ್ದಿ ಬಂದಿರ್ಬೇಕು, ಪುಟ್ಟಾ’ ಎಂದರು.

ಹೀಗಿರುವಾಗ ಒಂದು ಯುಗಾದಿ. ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ ಒಬ್ಬರ ಮನೆಯಲ್ಲಿ ಪಾಟ್‌ಲಕ್, ಎಲ್ಲರೂ ಒಂದೊಂದು ಅಡುಗೆ ಮಾಡಿ ತರುವ ಊಟ. ಮಗಳಿಗಾಗ ಹದಿನೈದು. ಗಂಡಸರೆಲ್ಲ ತಟ್ಟೆ ಹಿಡಿದು ನಿಂತಲ್ಲಿ ಮಾತು ಎಂದಿನಂತೆ ಗ್ರೀನ್ ಕಾರ್ಡಿಗೆ ಬಂತು. ಅಲ್ಲಿ ಒಬ್ಬ ಅಂಕಲ್ ಇದ್ದಾರೆ, ಇಲ್ಲಿಗೆ ಬಂದು ಮೂವತ್ತು ವರ್ಷ ಮೇಲಾಯಿತು, ಅವರಿಗೆ ತಿಳಿಯದ ಕಾನೂನಿಲ್ಲ ಎಂಬುದು ಅವರದೇ ಅಭಿಪ್ರಾಯ. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಅವರು ಹೇಳಿದರು, ‘ನಮ್ಮ ಆಫೀಸಲ್ಲೊಬ್ಬ ಇದ್ದಾನಪ್ಪ, ಅವನೂ ಇಂಡಿಯನ್ನೇ. ಒಂದೇ ವರ್ಷಕ್ಕೆ ಕಾರ್ಡ್ ಕೈಗೆ ಬಂತು. ಹೇಗೆ ಗೊತ್ತಾ? ಹೆಂಡತಿ ದೇಶ ಬೇರೆ. ಗಂಡನ ಲೈನ್ ಬಿಟ್ಟು ಹೆಂಡತಿ ದೇಶದ ಲೈನಲ್ಲಿ ನಿಂತ್ಕೊಂಡ.’

ನನ್ನ ಗಂಡನ ಕಿವಿ ನೆಟ್ಟಗಾದದ್ದು ನಾನು ಅಡುಗೆಮನೆಯ ಬಾಗಿಲಿನಿಂದಲೇ ಕಂಡೆ. ವಾಪಸ್ ಡ್ರೈವ್ ಮಾಡುವಾಗ ಅವರು ಎರಡು ಎಕ್ಸಿಟ್ ಮಿಸ್ ಮಾಡಿದರು. ಆಮೇಲೆ ಕೇಳಿದರು, ‘ನಿಮ್ಮವ್ವ ಹುಟ್ಟಿದ್ದು ಗೋವಾದಾಗ ಹೌದಿಲ್ಲೋ? ಪೋರ್ಚುಗೀಸರು ಇದ್ದಾಗ?’

ಹೌದು. ಅಮ್ಮನ ತವರು ಮಡಗಾಂವಿನ ಹತ್ತಿರ. ಅವಳು ಹುಟ್ಟಿದಾಗ ಅದು ಪೋರ್ಚುಗಲ್ಲಿಗೆ ಸೇರಿದ ನೆಲ. ಹಾಗೆ ಹುಟ್ಟಿದವರು ಲಿಸ್ಬನ್ನಿನಲ್ಲಿ ಜನನ ನೋಂದಾಯಿಸಿದರೆ ಅವರೂ ಅವರ ಮಕ್ಕಳೂ ಮೊಮ್ಮಕ್ಕಳೂ ಪೋರ್ಚುಗೀಸ್ ಪ್ರಜೆಗಳಾಗಬಹುದು. ನಮ್ಮ ಕಡೆ ಎಷ್ಟೋ ಜನ ಅದೇ ಕಾಗದ ಹಿಡಿದು ಲಂಡನ್ನಿಗೆ ಹೋಗಿದ್ದು ನನಗೆ ಗೊತ್ತಿತ್ತು. ಅದು ನನ್ನ ಮನೆಯ ಬಾಗಿಲು ತಟ್ಟೀತು ಅಂತ ಮಾತ್ರ ಎಣಿಸಿರಲಿಲ್ಲ. ‘ಅಂದ್ರ ನೀ ಪೋರ್ಚುಗಲ್ ಆದಿ ಅಂದ್ರ, ನನ್ನ ಹೆಂಡ್ತಿ ದೇಶ ಪೋರ್ಚುಗಲ್’ ಎಂದರು ಗಂಡ. ಅಲ್ಲಿನವರ ಸರತಿಯಲ್ಲಿ ಯಾರೂ ಇಲ್ಲ, ಖಾಲಿ. ಲೆಕ್ಕ ಎಷ್ಟು ಸುಲಭವಾಗಿತ್ತೆಂದರೆ ಇಬ್ಬರಿಗೂ ಮೈ ಜುಮ್ಮೆಂದಿತು. ಒಬ್ಬ ವಕೀಲರನ್ನು ಕೇಳೋಣ ಎಂದು ನಾನು ಹೇಳಿದ್ದೆ, ದೇವರಾಣೆ ಹೇಳಿದ್ದೆ. ಕಂಪನಿಯ ವಕೀಲರು ಕಂಪನಿಯವರ ಜೊತೆ ಮಾತ್ರ ಮಾತಾಡುತ್ತಾರೆ, ಪದೇ ಪದೇ ಕೆಣಕಬಾರದು, ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ ತೋರಿಸಿದರಾಯಿತು ಎಂದು ಅವರು ಹೇಳಿದರು. ನಾನೂ ತಲೆಯಾಡಿಸಿದೆ. ಆ ತಲೆಯಾಡಿಸಿದ್ದಕ್ಕೆ ನನ್ನ ಮೇಲೆ ನನಗೆ ಇನ್ನೂ ಸಿಟ್ಟಿದೆ.

ಅಮ್ಮನಿಗೆ ಫೋನ್ ಮಾಡಿ ಅವಳ ಜನನದ ದಾಖಲೆ ತೆಗೆಸಬೇಕು ಎಂದೆ. ‘ಪಾಕ್ಲೆ ಹೋಗಿ ಎಷ್ಟು ವರ್ಷ ಆಯ್ತು. ಅವರ ಹತ್ರ ಈಗ ನಿನಗೇನು ಕೆಲಸ?’ ಎಂದಳು. ಗೋವೆಯ ಹಳಬರು ಪೋರ್ಚುಗೀಸರನ್ನು ಕರೆಯುವುದು ಹಾಗೆ, ಗಂಡಸಾದರೆ ಪಾಕ್ಲೊ, ಹೆಂಗಸಾದರೆ ಪಾಕ್ಲೀಣ, ಬಹಳ ಜನರಾದರೆ ಪಾಕ್ಲೆ. ಮೊಮ್ಮಗಳಿಗಾಗಿ ಎಂದಾಗ ಒಪ್ಪಿದಳು. ಮಡಗಾಂವಿನ ಏಜೆಂಟ್ ಒಬ್ಬ ಮೂರು ವರ್ಷ ಸತಾಯಿಸಿದ. ಮೊದಲು ಅಮ್ಮ, ಆಮೇಲೆ ನಾನು, ನನ್ನ ಹಿಂದೆ ಮಗಳು, ಹೀಗೆ ಒಬ್ಬೊಬ್ಬರಾಗಿ ಪೋರ್ಚುಗೀಸರಾದೆವು. ಗಂಡ ಮಾತ್ರ ಧಾರವಾಡದವರಾಗಿಯೇ ಉಳಿದರು. ಅಮ್ಮ ಅವತ್ತಿನಿಂದ ಫೋನ್ ಎತ್ತಿದರೆ ‘ಏನೇ ಪಾಕ್ಲೀಣ’ ಅಂತಲೇ ಶುರುಮಾಡುತ್ತಾಳೆ.

ನಗುವಿನ ನಡುವೆ ಒಂದು ಕೆಲಸ ಬಾಕಿಯಿತ್ತು. ಇಂಡಿಯಾದಲ್ಲಿ ಎರಡು ಪೌರತ್ವ ನಡೆಯುವುದಿಲ್ಲ. ನನ್ನ ಹಳೆಯ ಪಾಸ್‌ಪೋರ್ಟನ್ನೂ ಮಗಳದ್ದನ್ನೂ ಒಪ್ಪಿಸಬೇಕು. ಒಪ್ಪಿಸಿದೆವು. ಕೆಲವು ವಾರಗಳ ನಂತರ ಅವು ರದ್ದು ಎಂಬ ಮುದ್ರೆಯೊಂದಿಗೆ ವಾಪಸ್ ಬಂದವು, ಮೂಲೆ ಕತ್ತರಿಸಿದ್ದರು. ಇದು ನನಗೆ ಮೊದಲೇ ಗೊತ್ತಿದ್ದ ಸಂಗತಿ, ಫಾರಂ ನಾನೇ ತುಂಬಿದ್ದು. ಆದರೂ ಆ ಕತ್ತರಿಸಿದ ಮೂಲೆಯನ್ನು ಮತ್ತೆ ಮತ್ತೆ ಬೆರಳಿನಿಂದ ಸವರಿದೆ. ಯಾರನ್ನೂ ಕೇಳದೆ ನನ್ನನ್ನು ಊರಿನಿಂದ ಎತ್ತಿ ಹೊರಗಿಟ್ಟ ಹಾಗಿತ್ತು, ಇಟ್ಟವಳೂ ನಾನೇ. ಗಂಡನಿಗೆ ಹೇಳಿದರೆ, ‘ಕಾಗದ ಹೋದ್ರ ಕಾರವಾರ ಎಲ್ಲಿ ಹೋಗ್ತದ, ಸುಮ್ನಿರು’ ಎಂದರು. ಅವರು ಎಷ್ಟು ಸರಿಯಾಗಿ ಹೇಳಿದ್ದರು ಎಂಬುದು ಆಮೇಲೆ ತಿಳಿಯಿತು.

ಸರಿ, ಪೋರ್ಚುಗೀಸಳಾದ ಮೇಲೆ ಒಂದಿಷ್ಟಾದರೂ ಆ ಮರ್ಯಾದೆ ಉಳಿಸಬೇಡವೇ? ನಾಳೆ ಗ್ರೀನ್ ಕಾರ್ಡಿನ ಇಂಟರ್‌ವ್ಯೂನಲ್ಲಿ ಯಾರಾದರೂ ಪೋರ್ಚುಗೀಸಿನಲ್ಲಿ ಮಾತಾಡಿಸಿದರೆ ಬಾಯಿಗೆ ಬೀಗ ಹಾಕಿದವಳಂತೆ ಕೂತರೆ ಹೇಗೆ ಎಂಬ ಹೆದರಿಕೆ ನನಗೆ. ಶನಿವಾರಗಳಂದು ಟ್ರೇನ್ ಹಿಡಿದು ನ್ಯೂವಾರ್ಕಿಗೆ ಹೋಗಲು ಶುರುಮಾಡಿದೆ. ಅಲ್ಲಿ ಪೆನ್ ಸ್ಟೇಷನ್ನಿನ ಹಿಂಬದಿಗೆ ಇಳಿದರೆ ಪೋರ್ಚುಗೀಸರ ಬೀದಿಗಳು. ಬೇಕರಿ, ಮೀನಂಗಡಿ, ಇದ್ದಿಲಿನ ಮೇಲೆ ಕೋಳಿ ಸುಡುವ ಹೋಟೆಲುಗಳು, ಟಿವಿಯಲ್ಲಿ ಫುಟ್‌ಬಾಲ್ ನೋಡುತ್ತ ಬಾಗಿಲಲ್ಲಿ ನಿಂತ ಮುದುಕರು. ಎಡಿಸನ್‌ನಲ್ಲಿ ಕಾರಿಲ್ಲದೆ ಒಂದು ಕಟ್ಟು ಕೊತ್ತಂಬರಿಯೂ ಸಿಗದೆ ಬೇಸತ್ತವಳಿಗೆ ಅಲ್ಲಿ ಜನ ನಡೆದಾಡುವುದನ್ನು ನೋಡಿಯೇ ಖುಷಿಯಾಯಿತು.

ಮೊದಲ ಶನಿವಾರವೇ ಮಾನ ಹೋಯಿತು. ಬೇಕರಿಯಲ್ಲಿ ನಂಬರ್ ಚೀಟಿ ತೆಗೆದುಕೊಂಡು ನಿಂತಿದ್ದೆ. ಕೌಂಟರಿನಲ್ಲಿ ಅರವತ್ತು ದಾಟಿದ ದಪ್ಪನೆಯ ಹೆಂಗಸು, ಬಿಳಿ ಏಪ್ರನ್, ಮುಖದಲ್ಲಿ ನಗುವಿನ ಸುಳಿವೂ ಇಲ್ಲ. ನಾನು ಬ್ರೆಡ್ಡಿನ ಕಡೆ ಬೆರಳು ತೋರಿಸಿ, ಮನೆಯಲ್ಲಿ ಹೇಳುವ ಹಾಗೆಯೇ ‘ಪಾವ್’ ಎಂದೆ. ಅವಳಿಗೆ ತಿಳಿಯಿತು. ನನಗೆ ಆಶ್ಚರ್ಯ, ಅವಳಿಗೇನೂ ಇಲ್ಲ. ಆರು ಕಟ್ಟುತ್ತ ಅವಳು ಕೇಳಿದಳು, ‘ಪರಾ ಕಾಜ?’ ಕಾಜು ಹಾಕಿದ್ದು ಬೇಕೇ ಎಂದು ಕೇಳುತ್ತಿದ್ದಾಳೆ ಎಂದುಕೊಂಡೆ. ಕಾಜು ಎಂಬ ಹೆಸರು ಬಂದದ್ದೇ ಅವರಿಂದ ಎಂದು ಎಲ್ಲೋ ಓದಿದ್ದೆನಲ್ಲ, ವಿದ್ಯೆ ತಲೆಗೇರಿತ್ತು. ‘ನೋ ಕ್ಯಾಶ್ಯೂ, ಪ್ಲೀಸ್’ ಎಂದೆ ಗಟ್ಟಿಯಾಗಿ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹೆಂಗಸು ಮತ್ತೆ ಕೇಳಿದಳು, ನಾನು ಮತ್ತೆ ಬೇಡವೆಂದೆ. ಕೊನೆಗೆ ನನ್ನ ಹಿಂದಿದ್ದವನು ಬಿದ್ದೂ ಬಿದ್ದೂ ನಕ್ಕು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ. ಕಾಜ ಅಂದರೆ ಮನೆ. ಇಲ್ಲೇ ತಿನ್ನುತ್ತೀರಾ, ಮನೆಗೆ ಒಯ್ಯುತ್ತೀರಾ ಎಂದಷ್ಟೇ ಅವಳು ಕೇಳಿದ್ದು.

ಮನೆಗೆ ಬಂದು ಹೇಳಿದ ತಪ್ಪಿಗೆ ಗಂಡ ಅದನ್ನು ವರ್ಷವಿಡೀ ಎಳೆದರು. ಪಾಯಸ ಬಡಿಸಿದರೆ ‘ನೋ ಕ್ಯಾಶ್ಯೂ, ಪ್ಲೀಸ್’. ಉಪ್ಪಿಟ್ಟು ಬಡಿಸಿದರೂ ಅದೇ. ಮಗಳು ಅಪ್ಪನ ಜೊತೆ ನಗುತ್ತಿದ್ದಳು, ಕಥೆ ಪೂರ್ತಿ ಕೇಳುವ ವ್ಯವಧಾನ ಅವಳಿಗಿರಲಿಲ್ಲ. ಹೆಡ್‌ಫೋನ್ ಕಿವಿಗಿಟ್ಟುಕೊಂಡು, ‘ಅಮ್ಮಾ, ಯು ಆರ್ ಸೋ ಎಂಬರಾಸಿಂಗ್’ ಎಂದು ಮೆಟ್ಟಿಲು ಹತ್ತಿ ಹೋಗುತ್ತಿದ್ದಳು.

ಆದರೂ ಆ ಒಂದು ವರ್ಷದ ಶನಿವಾರಗಳಷ್ಟು ಹಗುರಾದ ದಿನಗಳನ್ನು ನಾನು ಈ ದೇಶದಲ್ಲಿ ಕಂಡಿಲ್ಲ. ಬೇಕರಿಯ ಹೆಂಗಸಿಗೆ ನನ್ನ ಗುರುತು ಹತ್ತಿತು. ಪೋರ್ಚುಗೀಸ್ ಐಡಿ ಕಾರ್ಡ್ ತೋರಿಸಿದಾಗ ಅವಳು ಕನ್ನಡಕ ಏರಿಸಿ ಹಿಂದೆ ಮುಂದೆ ತಿರುಗಿಸಿ ನೋಡಿ, ಯಾವ ಚರ್ಚಿಗೆ ಹೋಗುತ್ತಿ ಎಂದು ಕೇಳಿದಳು. ಚರ್ಚಿಗಿಲ್ಲ, ದೇವಸ್ಥಾನಕ್ಕೆ ಎಂದಾಗ ಶಿಲುಬೆಯ ಗುರುತು ಮಾಡಿಕೊಂಡು, ಒಂದು ಪಾವು ಹೆಚ್ಚಿಗೆ ಹಾಕಿದಳು. ನನ್ನ ತವರಿನ ಮಾತು ಕೊಂಕಣಿಯ ಜನೇಲು, ಚಾವಿ, ಮೇಜು ಎಲ್ಲ ಒಂದೊಂದಾಗಿ ಅವಳ ಬಾಯಿಂದ ಹೊರಬರುವಾಗ ನಾನು ದಂಗಾಗಿ ನಿಲ್ಲುತ್ತಿದ್ದೆ. ಒಂದು ಸಲ ‘ಪೇರ’ ಎಂದು ಬರೆದದ್ದು ನೋಡಿ ಆಸೆಯಿಂದ ಒಂದು ಡಬ್ಬಿ ತಂದು ತೆರೆದರೆ ಒಳಗೆ ಪೇರಲ ಅಲ್ಲ, ಪೇರ್ ಹಣ್ಣು. ಇನ್ನೊಂದು ಸಲ ಗಂಡ ಕಾರು ತಂದಿದ್ದರು, ಉಪ್ಪು ಹಾಕಿ ಒಣಗಿಸಿದ ಮೀನಿನ ಒಂದು ಹಲಗೆಯನ್ನೇ ನಾನು ಡಿಕ್ಕಿಗೆ ಹಾಕಿದೆ. ಅವರು ಹುಟ್ಟಾ ಸಸ್ಯಾಹಾರಿ. ನೀರು ಹೆಪ್ಪುಗಟ್ಟುವ ಚಳಿಯಲ್ಲಿ ನಾಲ್ಕೂ ಕಿಟಕಿ ಇಳಿಸಿಕೊಂಡು ಎಡಿಸನ್ ತನಕ ಬಂದೆವು. ‘ಕಾರ್ಡ್ ಬರ್ಲಿ, ಆಮ್ಯಾಲೆ ನಿನ್ನ ಪೋರ್ಚುಗಲ್ ಬಂದ್’ ಎಂದರು ಮೂಗು ಹಿಡಿದುಕೊಂಡೇ. ಬೈದದ್ದು ಹೌದು, ಆದರೆ ಅವರ ಮುಖದಲ್ಲಿ ನಗು ತುಳುಕುತ್ತಿತ್ತು.

ಮಗಳಿಗೆ ಹತ್ತೊಂಬತ್ತೂವರೆ ನಡೆಯುತ್ತಿದ್ದಾಗ ಗಂಡ ಕಂಪನಿಯವರನ್ನು ಕಾಡಿಬೇಡಿ ವಕೀಲರ ಜೊತೆ ಒಂದು ವಿಡಿಯೋ ಕಾಲ್ ಗೊತ್ತುಮಾಡಿದರು. ಮಧ್ಯಾಹ್ನದ ಹೊತ್ತು. ಅವರು ಮೇಲೆ ಇಸ್ತ್ರಿ ಮಾಡಿದ ಅಂಗಿ, ಕೆಳಗೆ ಪೈಜಾಮ ಹಾಕಿಕೊಂಡು ಕೂತಿದ್ದರು. ನಾನು ಕ್ಯಾಮೆರಾಕ್ಕೆ ಕಾಣದ ಹಾಗೆ ಪಕ್ಕದ ಕುರ್ಚಿಯಲ್ಲಿ, ಎರಡು ಪಾಸ್‌ಪೋರ್ಟ್ ತೊಡೆಯ ಮೇಲಿಟ್ಟುಕೊಂಡು ಕೂತೆ. ವಕೀಲೆ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಗಂಡ ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದಳು. ನಂತರ ಒಂದೇ ಪ್ರಶ್ನೆ ಕೇಳಿದಳು. ‘ನಿಮ್ಮ ಹೆಂಡತಿ ಹುಟ್ಟಿದ್ದೆಲ್ಲಿ?’

‘ಕಾರವಾರ. ಇಂಡಿಯಾ.’

‘ಹಾಗಾದರೆ ಇಂಡಿಯಾ.’

‘ಅಲ್ಲ, ಆಕೆಯ ಪಾಸ್‌ಪೋರ್ಟ್ ಪೋರ್ಚುಗಲ್ಲಿನದು.’

‘ಪಾಸ್‌ಪೋರ್ಟ್ ಯಾವ ದೇಶದ್ದಾದರೂ ಇದರಲ್ಲಿ ಲೆಕ್ಕಕ್ಕಿಲ್ಲ ಸರ್. ಸರತಿ ನಿರ್ಧಾರವಾಗುವುದು ಹುಟ್ಟಿದ ಜಾಗದಿಂದ. ನಿಮ್ಮದು ಅಥವಾ ನಿಮ್ಮ ಹೆಂಡತಿಯದು. ಇಬ್ಬರೂ ಹುಟ್ಟಿದ್ದು ಇಂಡಿಯಾದಲ್ಲಿ.’

ನನಗೆ ತಡೆಯಲಾಗಲಿಲ್ಲ. ಕ್ಯಾಮೆರಾದೊಳಕ್ಕೆ ಮುಖ ತುರುಕಿ, ನನ್ನ ಅಮ್ಮ ಹುಟ್ಟಿದ್ದು ಪೋರ್ಚುಗೀಸರ ಗೋವಾದಲ್ಲಿ ಎಂದೆ. ಅವಳು ನನ್ನನ್ನು ನೋಡಿದಳು. ಆ ನೋಟದಲ್ಲಿ ಮರುಕ ಇತ್ತು. ‘ನಿಮ್ಮ ತಾಯಿ ಅಲ್ಲ ಮೇಡಂ. ನೀವು’ ಎಂದಳು.

ಕಾಲ್ ಮುಗಿಯಿತು. ನಾನು ಪಾಸ್‌ಪೋರ್ಟ್ ತೆರೆದೆ. ಫೋಟೋದ ಪಕ್ಕದಲ್ಲಿ, ಹೆಸರಿನ ಕೆಳಗೆ, ಹುಟ್ಟಿದ ಸ್ಥಳ ಎಂಬ ಕಡೆ ಕಾರವಾರ ಎಂದು ಅಚ್ಚಾಗಿತ್ತು. ಮೊದಲ ದಿನದಿಂದಲೂ ಅಲ್ಲೇ ಇತ್ತು. ಓದದೆ ಬಿಟ್ಟವಳಲ್ಲ ನಾನು. ಅಷ್ಟು ದೂರದ ಸರ್ಕಾರ ನಮ್ಮ ಊರಿನ ಸ್ಪೆಲ್ಲಿಂಗ್ ಸರಿಯಾಗಿ ಬರೆದಿದೆಯಲ್ಲ ಎಂದು ಹೆಮ್ಮೆಪಟ್ಟು, ಫೋಟೋ ತೆಗೆದು ಅಮ್ಮನಿಗೆ ಕಳಿಸಿದ್ದೆ. ಯಾವ ಪಾಸ್‌ಪೋರ್ಟ್ ಬೇಕಾದರೂ ತಂದುಕೋ, ಆ ಒಂದು ಸಾಲು ಬದಲಾಗುವುದಿಲ್ಲ. ಇದು ತಿಳಿಯಲು ನನಗೆ ನಾಲ್ಕು ವರ್ಷ ಬೇಕಾಯಿತು, ವಕೀಲೆಗೆ ನಾಲ್ಕು ನಿಮಿಷ.

ಮುಂದಿನ ಭಾನುವಾರ ಆ ಅಂಕಲ್ ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ ಸಿಕ್ಕರು. ಗಂಡ ಬೇಡ ಬೇಡ ಎಂದು ಸೆರಗು ಎಳೆದರೂ ನಾನು ಬಿಡಲಿಲ್ಲ. ‘ಅಂಕಲ್, ನಿಮ್ಮ ಆಫೀಸಿನವರ ಹೆಂಡತಿ ಯಾವ ದೇಶದ ಪಾಸ್‌ಪೋರ್ಟ್ ತಗೊಂಡಿದ್ರು?’ ಎಂದು ಕೇಳಿದೆ.

‘ಪಾಸ್‌ಪೋರ್ಟಾ? ಇಂಡಿಯನ್ ಪಾಸ್‌ಪೋರ್ಟೇಮ್ಮ. ಕೇರಳದೋಳು. ಅವಳಪ್ಪ ಕುವೈತಲ್ಲಿ ಕೆಲಸದಲ್ಲಿದ್ರು, ಅಲ್ಲೇ ಹುಟ್ಟಿದ್ದು.’

‘ಹುಟ್ಟಿದ್ದು ಅಂತ ನೀವು ಹೇಳ್ಲೇ ಇಲ್ಲ.’

‘ಹೆಂಡತಿ ದೇಶ ಅಂದ್ರೆ ಮತ್ತಿನ್ನೇನಮ್ಮ?’ ಎಂದರು ಅವರು, ನಿಜಕ್ಕೂ ಅರ್ಥವಾಗದೆ. ಬೈಯಲು ನೂರು ಮಾತು ಕಟ್ಟಿಕೊಂಡು ಹೋಗಿದ್ದೆ, ಆದರೆ ಆ ಮನುಷ್ಯ ಸುಳ್ಳು ಹೇಳಿರಲಿಲ್ಲ. ದೇಶ ಎಂದರೆ ಹುಟ್ಟಿದ ಜಾಗ ಎಂದು ಅವರು ತಿಳಿದಿದ್ದರು, ನಾವು ಕೈಯಲ್ಲಿರುವ ಪುಸ್ತಕ ಎಂದುಕೊಂಡೆವು, ಅಷ್ಟೇ ವ್ಯತ್ಯಾಸ. ಆ ಒಂದು ಮಾತಿನ ಮೇಲೆ ನನ್ನ ಪಾಸ್‌ಪೋರ್ಟಿನ ಮೂಲೆ ಕತ್ತರಿಸಿಕೊಂಡು ಕೂತಿದ್ದೆ.

ಮಗಳಿಗೆ ಹೇಳುವುದು ಹೇಗೆ ಎಂದು ನಾವು ಎರಡು ವಾರ ಒದ್ದಾಡಿದೆವು. ಹೇಳಿದಾಗ ಅವಳು ಊಟದ ತಟ್ಟೆಯಿಂದ ತಲೆ ಎತ್ತದೆ, ‘ಐ ನೋ’ ಎಂದಳು. ಗೊತ್ತಂತೆ. ಹದಿನಾರರಲ್ಲೇ ಇಂಟರ್‌ನೆಟ್ಟಿನಲ್ಲಿ ಓದಿದ್ದಳಂತೆ. ನಾನು ಚಮಚ ಕೆಳಗಿಟ್ಟೆ. ಮತ್ತೆ ಹೇಳಲಿಲ್ಲ ಯಾಕೆ ಎಂದರೆ, ‘ನೀವಿಬ್ಬರೂ ಅಷ್ಟು ಖುಷಿಯಲ್ಲಿದ್ರಿ’ ಎಂದಳು, ಇಂಗ್ಲಿಷಿನಲ್ಲಿ. ನನಗೆ ಆ ಹುಡುಗಿಯ ಕೆನ್ನೆಗೆ ಒಂದು ಬಾರಿಸಬೇಕೆನಿಸಿತು, ಅಪ್ಪಿಕೊಳ್ಳಬೇಕೆಂದೂ ಅನಿಸಿತು. ಎರಡೂ ಮಾಡಲಿಲ್ಲ. ಇನ್ನೂ ಸ್ವಲ್ಪ ಅನ್ನ ಹಾಕಿದೆ.

ದಾರಿ ಪೂರ್ತಿ ಮುಚ್ಚಿರಲಿಲ್ಲ, ನ್ಯಾಯವಾಗಿ ಹೇಳಬೇಕು. ಸ್ಟೂಡೆಂಟ್ ವೀಸಾಕ್ಕೆ ಬದಲಾಯಿಸಿಕೊಂಡು ಇನ್ನಷ್ಟು ಓದಬಹುದಿತ್ತು. ಎಷ್ಟೋ ಮಕ್ಕಳು ಅದನ್ನೇ ಮಾಡುತ್ತಾರೆ, ಆಮೇಲೆ ಕೆಲಸದ ವೀಸಾಕ್ಕೆ ಎತ್ತುವ ಲಾಟರಿ, ಮತ್ತೆ ಅಪ್ಪನ ಸಾಲಿನ ಹಿಂದೆ ಹೊಸದಾಗಿ ನಿಲ್ಲುವುದು. ನಾನು ಫಾರಂಗಳನ್ನೆಲ್ಲ ಪ್ರಿಂಟ್ ಮಾಡಿ ಅವಳ ಮೇಜಿನ ಮೇಲಿಟ್ಟೆ. ಅವು ಅಲ್ಲೇ ಧೂಳು ಹಿಡಿದವು. ಮೂರೇ ವರ್ಷಕ್ಕೆ ಡಿಗ್ರಿ ಮುಗಿಸಿದವಳು ಒಂದು ಸಂಜೆ ಆ ಕಟ್ಟು ಹಿಡಿದು ಅಡುಗೆಮನೆಗೆ ಬಂದಳು. ‘ನಾನು ಸೈಕಲ್ ಕಲಿತ ಊರಲ್ಲಿ ನಾನು ಇಂಟರ್‌ನ್ಯಾಷನಲ್ ಸ್ಟೂಡೆಂಟ್ ಆಗಿ ಇರಲ್ಲ ಅಮ್ಮಾ’ ಎಂದಳು. ಅಷ್ಟು ಉದ್ದದ ವಾಕ್ಯವನ್ನು ಅವಳು ಕನ್ನಡದಲ್ಲಿ ಹೇಳಿ ಎಷ್ಟು ವರ್ಷವಾಗಿತ್ತೋ. ನಂತರ ಇಂಗ್ಲಿಷಿಗೆ ತಿರುಗಿ, ತನಗೆ ಲಿಸ್ಬನ್ನಿನ ಒಂದು ಲ್ಯಾಬ್‌ನಲ್ಲಿ ಕೆಲಸ ಸಿಕ್ಕಿದೆ, ವೀಸಾ ಬೇಡ, ಯಾರ ಪರ್ಮಿಷನ್ನೂ ಬೇಡ, ಪಾಸ್‌ಪೋರ್ಟ್ ಇದೆಯಲ್ಲ ಎಂದಳು.

ಒಲೆಯ ಮೇಲೆ ಸಾರು ಉಕ್ಕಿ ಹರಿಯಿತು, ನನಗೆ ಗೊತ್ತೇ ಆಗಲಿಲ್ಲ. ಆ ಪಾಸ್‌ಪೋರ್ಟ್ ಮಾಡಿಸಿಕೊಟ್ಟವಳು ನಾನು. ಅವಳು ಇಲ್ಲಿ ಉಳಿಯಲಿ ಎಂದು ಮಾಡಿಸಿದ್ದು. ಗಂಡ ಬಂದು ಒಲೆ ಆರಿಸಿದರು. ‘ಅಕಿಗೆ ಹೋಗ್ಲಿಕ್ಕೆ ನಾವ ಬಾಗಲಾ ತಗದು ಕೊಟ್ಟಂಗಾತು’ ಎಂದು ಹೇಳಿ ಗ್ಯಾರೇಜಿಗೆ ಹೋದವರು ಬಹಳ ಹೊತ್ತು ಒಳಗೆ ಬರಲಿಲ್ಲ.

ಇಪ್ಪತ್ತೊಂದು ತುಂಬಲು ಹದಿನೈದು ದಿನ ಇರುವಾಗ, ಒಂದು ಶುಕ್ರವಾರ ಸಂಜೆ ಅವಳನ್ನು ನ್ಯೂವಾರ್ಕ್ ಏರ್‌ಪೋರ್ಟಿಗೆ ಬಿಟ್ಟುಬಂದೆವು. ಲಂಡನ್ನಿನಲ್ಲಿ ಇಳಿದು ಇನ್ನೊಂದು ವಿಮಾನ. ನಾನು ಚಟ್ನಿಪುಡಿ, ಮೆಂತ್ಯದಹಿಟ್ಟು ಎಂದು ತುಂಬಿದ್ದನ್ನೆಲ್ಲ ಅವಳು ತೂಕ ಜಾಸ್ತಿ ಎಂದು ಅರ್ಧ ತೆಗೆದಿಟ್ಟಿದ್ದಳು. ಸೆಕ್ಯುರಿಟಿಯ ಆಚೆ ಹೋಗಿ ಒಂದು ಸಲ ತಿರುಗಿ ಕೈಯಾಡಿಸಿದಳು. ನನಗೆ ಅಳು ಬರಲಿಲ್ಲ. ಹೀಗೂ ಆಗಬಹುದೇ ಎಂಬ ಬೆರಗಿನಲ್ಲೇ ಕಣ್ಣು ಒಣಗಿ ನಿಂತಿದ್ದೆ.

ಬೆಳಗ್ಗೆ ಎದ್ದಾಗ ಶನಿವಾರ. ಮನೆಯಲ್ಲಿ ಕೂರಲಾಗಲಿಲ್ಲ. ಗಂಡ ಅವಳ ಖಾಲಿ ಕೋಣೆಯ ಕಿಟಕಿಗೆ ಹೊಸ ಬೋಲ್ಟ್ ಹಾಕುತ್ತಿದ್ದರು, ಹಳೆಯದಕ್ಕೆ ಏನೂ ಆಗಿರಲಿಲ್ಲ. ನಾನು ಟ್ರೇನ್ ಹತ್ತಿ ಎಂದಿನ ಬೇಕರಿಗೆ ಹೋಗಿ ನಂಬರ್ ಚೀಟಿ ತೆಗೆದುಕೊಂಡು ನಿಂತೆ. ಏನು ಕೊಳ್ಳಬೇಕೆಂದು ಗೊತ್ತಿರಲಿಲ್ಲ. ಮೂರು ಜನರಿಗೆ ಆರು ಪಾವು ಒಯ್ಯುತ್ತಿದ್ದವಳು, ಈಗ ಎಷ್ಟು ಒಯ್ಯಬೇಕು?

ಆಗ ಫೋನ್ ಬಂತು. ಮಗಳೇ. ಇಳಿದಿದ್ದಳು, ಅಲ್ಲಿ ಮಧ್ಯಾಹ್ನ. ಹಿಂದೆ ಸೂಟ್‌ಕೇಸುಗಳ ಗಾಲಿಯ ಸದ್ದು. ಪ್ರಯಾಣ ಸುಖವಾಯಿತು, ನಿದ್ದೆ ಬರಲಿಲ್ಲ, ಚಟ್ನಿಪುಡಿ ಚೆಲ್ಲಿದೆ ಎಂದೆಲ್ಲ ಇಂಗ್ಲಿಷಿನಲ್ಲಿ ಹೇಳುತ್ತ ಹೋದಳು. ಪಾಸ್‌ಪೋರ್ಟ್ ಒತ್ತಿದರೆ ತೆರೆಯಬೇಕಾದ ಗೇಟು ತೆರೆಯಲಿಲ್ಲವಂತೆ. ಪಕ್ಕದ ಕೌಂಟರಿಗೆ ಕಳಿಸಿದರಂತೆ. ಅಲ್ಲೊಬ್ಬ ಮುದುಕ ಆಫೀಸರ್.

‘ಅಮ್ಮಾ, ಇಟ್ ವಾಸ್ ಸೋ ವಿಯರ್ಡ್’ ಎಂದಳು. ‘ಬೆರಳು ಇಡಲು ಹೇಳಲಿಲ್ಲ, ಎಷ್ಟು ದಿನ ಅಂತ ಕೇಳಲಿಲ್ಲ. ನನ್ನ ಮುಖ ನೋಡಿ ನಕ್ಕು ಏನೋ ಹೇಳಿದ. ನನಗೆ ಗೊತ್ತಾಗಲಿಲ್ಲ, ಸುಮ್ಮನೆ ತಲೆಯಾಡಿಸಿದೆ. ಕೊನೆಯಲ್ಲಿ ಕಾಜ ಅಂದ. ನಿನ್ನ ಕ್ಯಾಶ್ಯೂ ಜೋಕ್ ಇದೆಯಲ್ಲ, ಅದೇ. ಅವನ್ಯಾಕೆ ನನಗೆ ಕ್ಯಾಶ್ಯೂ ಕೊಡ್ತಾನೆ?’

ಕೌಂಟರಿನ ಹೆಂಗಸು ನನ್ನ ನಂಬರ್ ಕೂಗಿದಳು. ಕೈಯಲ್ಲಿ ಚೀಟಿ ಹಿಡಿದು ನಾನು ಅಲ್ಲೇ ನಿಂತಿದ್ದೆ. ಆ ಮುದುಕ ಏನೆಂದಿರುತ್ತಾನೆ ಎಂದು ನನಗೆ ತಿಳಿಯಿತು. ಬೆಂ ವಿಂದಾ ಆ ಕಾಜ. ಈ ಬೇಕರಿಯ ಬಾಗಿಲ ಮೇಲೆ, ಹಬ್ಬದ ಸಮಯದಲ್ಲಿ ಊರಿಂದ ಬರುವವರಿಗಾಗಿ ಅವರು ಬರೆದು ಅಂಟಿಸುವ ಮಾತು. ಯಾರೆಂದೇ ಗೊತ್ತಿಲ್ಲದ ಆ ಮುದುಕನ ಮೇಲೆ ನನಗೆ ಕೆಂಡದಂಥ ಸಿಟ್ಟು ಬಂತು. ಹದಿನೆಂಟು ವರ್ಷ ಆ ಮಾತನ್ನು ಅವಳಿಗೆ ಹೇಳಬೇಕಾಗಿದ್ದವರು ಬೇರೆ ಇದ್ದರು.

‘ಕ್ಯಾಶ್ಯೂ ಅಲ್ಲ ಪುಟ್ಟಾ’ ಎಂದೆ. ‘ಕಾಜ ಅಂದ್ರೆ ಮನೆ. ವೆಲ್‌ಕಮ್ ಹೋಮ್ ಅಂದಿದ್ದಾನೆ.’

ಆ ಕಡೆ ಗಾಲಿಗಳ ಸದ್ದು ನಿಂತಿತು. ಅವಳು ನಡೆಯುವುದನ್ನು ನಿಲ್ಲಿಸಿದ್ದಳು. ಕನ್ನಡದಲ್ಲಿ ಕೇಳಿದಳು.

‘ಯಾರ ಮನೆ, ಅಮ್ಮಾ?’